ಬೋರ್ಡಿನ ಕೊನೆಯ ತೂತು

ಮಣಿಕೊಂಡದ ಈ ಹೊಸ ಬಾಡಿಗೆ ಮನೆಗೆ ಇಂಟರ್ನೆಟ್ ಹಾಕಲು ಬಂದವನು, "ಅಮ್ಮಾ, ಪ್ಲಗ್ ಎಕ್ಕಡ?" ಪ್ಲಗ್ ಎಲ್ಲಿದೆಯೆಂದು ತೆಲುಗಿನಲ್ಲಿ ಕೇಳಿದ. ನಾನು ಮನೆ ನೋಡಲು ಬಂದ ದಿನವೇ ಪ್ಲಗ್ಗುಗಳನ್ನು ನೋಡಿಟ್ಟವಳು. ಹಾಲಿನಲ್ಲೇ ಆರು! ತೋರಿಸಿದೆ. ಅವನು ಸಿಕ್ಕಿಸಿದ ಇಂಟರ್ನೆಟ್ ಪೆಟ್ಟಿಗೆಯ ದೀಪ ಮಿಣುಕಿದ್ದೇ ತಡ, ನನ್ನ ಕೈ ತಾನಾಗಿ ಸೆರಗಿನೊಳಗೆ ಅಡಗಿತು. ಆ ಕೈ ಹಿಂದೆ ಮಾಡಿದ ಕೆಲಸವನ್ನು ನಿಮಗೆ ಹೇಳಲೇಬೇಕು.

ಊರೆಲ್ಲ ಕಂಪ್ಯೂಟರ್ ಜಪ ಮಾಡುತ್ತಿದ್ದ ಕಾಲ. ತಂಗಿ ಶೈಲಾ, ಅಮೆರಿಕದ ಡಾಕ್ಟರರು ಮಾತಾಡಿದ್ದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಮನೆಯಲ್ಲೇ ಕೂತು ಟೈಪು ಮಾಡುವ ಕೆಲಸ ಹಿಡಿದಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಅವಳಿಗೆ ರೊಟ್ಟಿ ಬಡಿದು ಹಾಕಲು ಬೀದರಿನಿಂದ ಬಂದವಳು. ಇದೇ ಊರಿನ ತಾರ್ನಾಕದ ಆ ಮನೆಯ ಹಾಲಿಗೆ ಒಂದೇ ಪ್ಲಗ್, ಅದಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡ್. ಇನ್ನೊಂದು ಬೋರ್ಡ್ ಹಾಕಿದರೆ ವೈರು ಸುಡುತ್ತದೆಂದು ಮನೆಯೊಡತಿಯ ಕಟ್ಟಪ್ಪಣೆ. ಹಾಗಾಗಿ ಕಂಪ್ಯೂಟರ್, ಟೀವಿ ಹಿಡಿದು ಉಳಿದ ಬೋರ್ಡಿನ ಕೊನೆಯ ತೂತಿನ ಬಗ್ಗೆ ನಮ್ಮಲ್ಲೊಂದು ಕರಾರು: ಹಗಲು ಇಂಟರ್ನೆಟ್ಟಿನ ಮೋಡೆಮ್, ಸಂಜೆ ಟೀವಿಯ ಡಿಶ್ ಪೆಟ್ಟಿಗೆ.

ಕರಾರು ಮುರಿದವಳು ನಾನು. ಮಧ್ಯಾಹ್ನ ಶೈಲಾ ಫೈಲು ಇಳಿಯಲು ಬಿಟ್ಟು ಮಲಗುವಳು. ನನ್ನ ಕನ್ನಡ ಧಾರಾವಾಹಿಯ ಹೊತ್ತೂ ಅದೇ. ಮೋಡೆಮ್ ಕಿತ್ತು, ಡಿಶ್ ಸಿಕ್ಕಿಸಿ, ಸದ್ದು ಸಣ್ಣದು ಮಾಡಿ ನೋಡುವೆ. ಮುಗಿದ ಮೇಲೆ ಮೊದಲಿನಂತೆ ಇಡುವೆ. ಪರದೆಯ ಮೇಲೆ ಮೋಸ ಮಾಡುವವರಿಗೆ ಶಾಪ ಹಾಕುತ್ತ ಕೂತಿರುತ್ತಿದ್ದೆ, ನೋಡಿ!

"ಅಕ್ಕಾ, ನೆಟ್ ಮತ್ತ ಹೋಗಿತ್ತು!"

"ಹೌದೇನವಾ?"

ಅವಳ ದೂರಿಗೆ ಬಂದ ಟೆಲಿಫೋನ್ ಲೈನ್‌ಮನ್, ಯಾದಗಿರಿ ಎಂಬುವನು, ಬಿಸಿಲಲ್ಲಿ ಕಂಬ ಹತ್ತಿ ಇಳಿದು, "ಲೈನ್ ಅಚ್ಛಾ ಹೈ ಅಮ್ಮಾ" ಎನ್ನುವನು. ತಪ್ಪಿತಸ್ಥಳಾದ ನಾನು ಅವನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕುವೆ. ನಾಲ್ಕನೆಯ ಸಲ ಬಂದಾಗ ಅದು ಚಹಾ ಅಲ್ಲ, ಪಾಕ.

ಇನ್ನೊಮ್ಮೆ ತಡವಾದರೆ ಕೆಲಸವಿಲ್ಲ ಎಂದು ಆಫೀಸಿನವರು ಶೈಲಾಗೆ ಹೇಳಿದ ದಿನ, ಅವಳು ಯಾದಗಿರಿಯ ಎದುರಿಗೇ ಅವನ ಸಾಹೇಬರಿಗೆ ಫೋನು ಹಚ್ಚಿ ದೂರತೊಡಗಿದಳು. ಅವನು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ನಾನು ಹೋಗಿ ಫೋನಿನ ಗುಂಡಿ ಒತ್ತಿ ಕರೆ ಕಡಿದುಬಿಟ್ಟೆ.

"ಲೈನ್ ಹೋಗಿಲ್ಲ ಶೈಲಾ. ನಾನ ಕಿತ್ತೀನಿ. ಸೀರಿಯಲ್ ಸಲುವಾಗಿ."

"ನನ್ನ ನೌಕರಿಗಿಂತ ಹೆಚ್ಚಿಂದು ಆ ಸೀರಿಯಲ್‌ನಾಗ ಏನೈತಿ?"

"ಕನ್ನಡ ಐತಿ. ನೀ ಮಲಗಿದ ಮ್ಯಾಲ ಈ ಊರಾಗ ನನ್ನ ಕೂಡ ಯಾರು ಮಾತಾಡ್ತಾರ?"

ಶೈಲಾ ಕೈಲಿದ್ದ ಫೋನನ್ನು ಕೆಳಗಿಟ್ಟಳು. ಕನ್ನಡ ತಿಳಿಯದ ಯಾದಗಿರಿಗೆ ಮೋಡೆಮ್ಮಿನ ಪ್ಲಗ್ ಕಿತ್ತು ತೋರಿಸಿದೆ. ಅವನು ಎದೆಯುಬ್ಬಿಸಿ, "ಬೋಲಾ ನಾ, ಲೈನ್ ಅಚ್ಛಾ ಹೈ!" ಎಂದು ನಕ್ಕ.

"ಅಡಗಿಮನ್ಯಾಗ ಮಿಕ್ಸರ್ ಹಚ್ಚೋ ಜೋಡಿ ಪ್ಲಗ್ ಐತಿ," ಎಂದೆ. "ಟೀವಿ, ಡಿಶ್ ಪೆಟ್ಟಿಗಿ ಎರಡೂ ಅಲ್ಲಿಡೋಣು. ಚಟ್ನಿ ನಾ ಕಲ್ಲಿನ್ಯಾಗ ಅರೀತೀನಿ."

ಡಿಶ್ ತನ್ನ ಕೆಲಸವಲ್ಲದಿದ್ದರೂ ಯಾದಗಿರಿ ತಾರಸಿ ಹತ್ತಿ, ಅದರ ವೈರನ್ನು ಅಡುಗೆಮನೆಯ ಗವಾಕ್ಷಿಯಿಂದ ಇಳಿಬಿಟ್ಟ. "ಆಯಾ?" ಚಿತ್ರ ಬಂತೇ ಎಂದು ಮೇಲಿನಿಂದ ಕೂಗು. "ಆಯಾ!" ಎಂದೆ. ಅದೇ ಗಳಿಗೆಗೆ ಹಾಲಿನಿಂದ ಶೈಲಾ ಚೀರಿದಳು: "ಅಕ್ಕಾ, ಫೈಲು ಪೂರಾ ಇಳೀತು!" ಎರಡೂ ಒಟ್ಟಿಗೆ! ನಮ್ಮ ಗದ್ದಲಕ್ಕೆ ಬೆಂಕಿ ಬಿತ್ತೆಂದು ಓಡಿ ಬಂದ ಮನೆಯೊಡತಿ ಒಂದು ಕಂತು ನೋಡಿಯೇ ಹೋದಳು. ಶೈಲಾಳ ಕೆಲಸ ಉಳಿಯಿತು. ನನ್ನ ತೋಳು ರುಬ್ಬುಗಲ್ಲಿನಷ್ಟೇ ಗಟ್ಟಿಯಾಯಿತು.

ಈಗ ಹೊಸ ಪೆಟ್ಟಿಗೆ ಮಿಣುಕುತ್ತಿರುವಾಗಲೇ ಒಳಕೋಣೆಯಿಂದ ಶೈಲಾಳ ದನಿ: "ಅಕ್ಕಾ, ನೆಟ್ ಹೋತು!"

ಸೆರಗಿನಿಂದ ಕೈ ತೆಗೆದು, ಎರಡನ್ನೂ ಮೇಲೆತ್ತಿದೆ. "ಈ ಸಲ ನಾ ಅಲ್ಲ ನೋಡವಾ!"

ಇಂಟರ್ನೆಟ್ ಹಾಕಲು ಬಂದ ಇವನ ಚಹಾಕ್ಕೆ ನಾನು ಹಾಕಿದ್ದು ಒಂದೇ ಚಮಚ ಸಕ್ಕರೆ.