ಟೀಚರಮ್ಮನ ಬಾಯಿಗೆ ರಜೆ

ಬೇಸಿಗೆ ರಜೆ ಶುರುವಾಗುವ ಹಿಂದಿನ ದಿನ ಟೀಚರಮ್ಮ ಪ್ರತಿ ವರ್ಷವೂ ಒಂದು ಭಾಷಣ ಮಾಡುತ್ತಿದ್ದರು. ರಜೆಯನ್ನು ಹಾಳು ಮಾಡಬೇಡಿ, ಬೇಗ ಏಳಿ, ದಿನಕ್ಕೊಂದು ಪುಟ ಓದಿ, ದಿನಕ್ಕೊಂದು ಸಣ್ಣ ಕೆಲಸ ಹಿಡಿದು ಮುಗಿಸಿ, ಸುಮ್ಮನೆ ಕೂತವರಿಗೆ ಸೋಮಾರಿತನ ಅಂಟಿಕೊಳ್ಳುತ್ತದೆ. ಹೇಳೋದು ಒಂದು, ಮಾಡೋದು ಇನ್ನೊಂದು ಅನ್ನುವ ಜಾತಿಯವರಲ್ಲ ಆಕೆ; ಹೇಳಿದ್ದನ್ನೆಲ್ಲ ತಾವೂ ಮಾಡುತ್ತಿದ್ದರು. ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವ ಆಕೆಯ ದನಿ ರಸ್ತೆಯ ಆಚೆ ಬದಿಯ ಅಂಗಡಿಗೂ ಕೇಳಿಸುತ್ತಿತ್ತು. ಈ ಸಲ ಮಾತ್ರ ‘ಸೋಮಾರಿತನ’ದ ಹತ್ತಿರ ಬಂದ ದನಿ ಗಕ್ಕನೆ ನಿಂತುಬಿಟ್ಟಿತು. ಬಾಯಿ ತೆರೆದೇ ಇದೆ, ಗಾಳಿ ಬಿಟ್ಟರೆ ಬೇರೇನೂ ಬರುತ್ತಿಲ್ಲ. ಟೀಚರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಮಕ್ಕಳು ಬಿದ್ದು ಬಿದ್ದು ನಕ್ಕವು.

ಇದೇನು ಒಂದೇ ದಿನದಲ್ಲಿ ಬಂದದ್ದಲ್ಲ. ವರ್ಷವಿಡೀ ದನಿ ಒಡೆಯುತ್ತಲೇ ಇತ್ತು. ಬಿಸಿನೀರು ಕುಡಿದು, ಉಪ್ಪುನೀರು ಮುಕ್ಕಳಿಸಿ, ‘ಏನೂ ಆಗಿಲ್ಲ’ ಅಂತ ಟೀಚರಮ್ಮ ದಿನ ದೂಡಿದ್ದರು. ಹೆಡ್‌ಮಿಸ್ ಆ ಮಧ್ಯಾಹ್ನ ಆಕೆಯನ್ನು ಆಫೀಸಿಗೆ ಕರೆಸಿಕೊಂಡರು. ಕೆಟ್ಟವರೇನಲ್ಲ, ಆದರೆ ಶಾಲೆ ನಡೆಸುವವರು. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ದನಿ ಕೊನೆಯ ಬೆಂಚಿಗೆ ಕೇಳಿಸುವಂತಿದ್ದರೆ ಸರಿ, ಇಲ್ಲವಾದರೆ ಚಿಕ್ಕ ಮಕ್ಕಳನ್ನು ಬೇರೆಯವರಿಗೆ ಕೊಟ್ಟು ಈಕೆಗೆ ಉಗ್ರಾಣ ವಹಿಸಬೇಕಾಗುತ್ತದೆ ಅಂದರು. ಮಾತಿನ ಜೊತೆಗೆ ಮೊಳೆಯಲ್ಲಿ ನೇತಾಡುತ್ತಿದ್ದ ಉಗ್ರಾಣದ ಕೀಲಿಗೊಂಚಲನ್ನೂ ತೋರಿಸಿದರು. ಮುರಿದ ಬೆಂಚು, ಹರಿದ ಭೂಪಟ, ಇಲಿ. ಅಕ್ಷರ ಕೂಡಿಸಲು ಒದ್ದಾಡುತ್ತಿದ್ದ ಮಗು ಒಂದು ದಿನ ಇದ್ದಕ್ಕಿದ್ದಂತೆ ಇಡೀ ಪದವನ್ನು ಓದಿ ತನ್ನ ಬಾಯನ್ನು ತಾನೇ ನಂಬದ ಹಾಗೆ ನೋಡುತ್ತದಲ್ಲ, ಆ ಒಂದು ಗಳಿಗೆಗಾಗಿ ಟೀಚರಮ್ಮ ಇಷ್ಟು ವರ್ಷ ಬದುಕಿದ್ದರು. ಉಗ್ರಾಣದಲ್ಲಿ ಆ ಗಳಿಗೆ ಎಲ್ಲಿಂದ ಬರಬೇಕು? ಮನೆಗೆ ಹೋಗುವ ದಾರಿಯುದ್ದಕ್ಕೂ ಆಕೆ ಅತ್ತರು. ಅಳುವಿಗೂ ದನಿ ಇರಲಿಲ್ಲ.

ಕಿವಿ, ಮೂಗು, ಗಂಟಲು ನೋಡುವ ಡಾಕ್ಟರು ಗಂಟಲೊಳಗೆ ಇಣುಕಿ, ಊದಿಕೊಂಡಿದೆ, ರಜೆ ಪೂರ್ತಿ ಬಾಯಿ ಮುಚ್ಚಿಕೊಂಡು ಇದ್ದುಬಿಡಿ, ಔಷಧಿಗಿಂತ ಅದೇ ದೊಡ್ಡದು ಅಂದರು. “ಆಯ್ತು ಡಾಕ್ಟ್ರೇ” ಅಂತ ಟೀಚರಮ್ಮ ಪಿಸುಗುಟ್ಟಿದರು. ಅಷ್ಟರಲ್ಲಿ ಡಾಕ್ಟರು ಮುಂದಿನವರನ್ನು ಕರೆದಾಗಿತ್ತು.

ಇಲ್ಲೇ ನೋಡಿ ಎಡವಟ್ಟಾದದ್ದು. ಟೀಚರಮ್ಮನ ತರಗತಿಯಲ್ಲಿ ಮೊದಲಿನಿಂದಲೂ ಒಂದು ಕಾನೂನಿತ್ತು. ಗಲಾಟೆ ಮಾಡಿದರೆ ತಪ್ಪು, ಪಿಸುಗುಟ್ಟಿದರೆ ತಪ್ಪಲ್ಲ. ಅಷ್ಟು ಪುಟ್ಟ ಮಕ್ಕಳನ್ನು ಪೂರ್ತಿ ಸುಮ್ಮನಿರಿಸುವುದು ದೇವರಿಗೂ ಆಗದ ಕೆಲಸ ಅಂತ ಗೊತ್ತಿದ್ದ ಆಕೆ, ಪಿಸುಮಾತನ್ನು ಮೌನದ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದರು. ಸೇರಿಸಿ ಸೇರಿಸಿ, ಕೊನೆಗೆ ತಮಗೂ ಅದು ಹಾಗೇ ಆಗಿಹೋಗಿತ್ತು. ಬಾಯಿ ಮುಚ್ಚಿ ಅಂದರೆ ಪಿಸುಗುಟ್ಟಿ ಅಂತಲೇ ಅವರ ಅರ್ಥ. ಡಾಕ್ಟರು ಹೇಳಿದ್ದನ್ನು ತಪ್ಪದೆ ಪಾಲಿಸುತ್ತಿದ್ದೇನೆ ಅಂದುಕೊಂಡೇ ಆಕೆ ರಜೆಗೆ ಕಾಲಿಟ್ಟರು.

ರಜೆ ಅಂತ ಹೆಸರು, ಅಷ್ಟೇ. ನಾದಿನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತಂದು ಬಿಟ್ಟಳು. “ನಿಮಗೆ ಹೇಗೂ ರಜಾ ತಾನೇ ಅತ್ತಿಗೆ” ಅಂದಳು. ಪಕ್ಕದ ಮನೆಯ ಟೈಲರ್ ಅಕ್ಕ, ಹೊಲಿಗೆ ತುಂಬಾ ಬಂದಿದೆ, ಇವನನ್ನೂ ಸ್ವಲ್ಪ ನೋಡ್ಕೊಳ್ಳಿ, ರಜಾ ತಾನೇ, ಅಕ್ಷರಾನೂ ದುಂಡಗಾಗ್ಲಿ ಅಂತ ತನ್ನ ಮಗನನ್ನು ಕಳಿಸಿದಳು. ಊರಿಗೆಲ್ಲ ರಜೆ ಇರುವುದು ಟೀಚರಮ್ಮನ ಮನೆಯಲ್ಲೇ ಅನ್ನುವ ಹಾಗೆ ಜನ ಬಂದರು. ಇಲ್ಲ ಅನ್ನುವ ಅಭ್ಯಾಸ ಆಕೆಗಿರಲಿಲ್ಲ. ಅನ್ನೋಣವೆಂದರೆ ದನಿಯೂ ಇರಲಿಲ್ಲ.

ಮಕ್ಕಳ ಮಾತು ಬಿಡಿ, ಆಕೆಯೇ ತಮ್ಮ ಬೆನ್ನ ಮೇಲೆ ಹೊರಿಸಿಕೊಂಡದ್ದು ಕಡಿಮೆಯೇ? ಬೆಳಗಾಗುವ ಮೊದಲೇ ಎದ್ದು ಅಟ್ಟದ ಸಾಮಾನು ಇಳಿಸಿ ಧೂಳು ಹೊಡೆದರು. ಮುಂದಿನ ವರ್ಷದ ಅಕ್ಷರದ ಚಾರ್ಟುಗಳಿಗೆ ಬಣ್ಣ ಹಚ್ಚಿದರು. ಹಳೆಯ ದಿಂಬುಗಳನ್ನೆಲ್ಲ ಬಿಚ್ಚಿ ಹತ್ತಿ ಒಣಗಿಸಿ ಮತ್ತೆ ತುಂಬಿ ಹೊಲಿದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅಂತ ಗಾದೆಯಿದೆ. ಈಕೆ ಕೈತುಂಬ ಕೆಲಸವಿಟ್ಟುಕೊಂಡೂ ಇನ್ನಷ್ಟು ಕೆತ್ತಲು ಹುಡುಕುವವರು. ನಡುನಡುವೆ ಮಕ್ಕಳಿಗೆ ಪಿಸುಮಾತಿನಲ್ಲೇ ಮಗ್ಗಿ, ಪಿಸುಮಾತಿನಲ್ಲೇ ಕಥೆ, ಪಿಸುಮಾತಿನಲ್ಲೇ ಬೈಗುಳ. ಗಂಡ ಬಸ್ ಕಂಡಕ್ಟರ್. ದಿನವಿಡೀ ಕೂಗಿ ಕೂಗಿ ಸುಸ್ತಾಗಿ ಬರುವ ಮನುಷ್ಯ, ಮನೆಯಲ್ಲಿ ಎಲ್ಲರೂ ಪಿಸುಗುಟ್ಟುವುದನ್ನು ಕಂಡು ತಾನೂ ಪಿಸುಗುಟ್ಟತೊಡಗಿದ. ಇಂಥ ನೆಮ್ಮದಿ ಮದುವೆಯಾದಾಗಿನಿಂದ ಇರಲಿಲ್ಲ ಅಂತ ಒಂದು ಸಲ ತಮಾಷೆಯನ್ನೂ ಮಾಡಿದ. ಟೀಚರಮ್ಮ ನಗಲಿಲ್ಲ. ಸಂಜೆಯಾಗುತ್ತಲೇ ಗಂಟಲಿನಲ್ಲಿ ಮುಳ್ಳು ಸಿಕ್ಕಿದಂತಾಗುತ್ತಿತ್ತು, ಕೈಕಾಲು ಸೋತುಹೋಗುತ್ತಿದ್ದವು. ಇಷ್ಟು ಬಿಗಿಯಾಗಿ ಪಥ್ಯ ಮಾಡಿದರೂ ಯಾಕೆ ಗುಣವಾಗುತ್ತಿಲ್ಲ ಅನ್ನುವ ಹೆದರಿಕೆ ಬೇರೆ.

ಮನೆಯಲ್ಲಿ ಇನ್ನೊಬ್ಬರಿದ್ದರು, ಅತ್ತೆ. ಕಿವಿ ಮಂದವಾಗಿ ಬಹಳ ಕಾಲವಾಗಿತ್ತು. ಸೊಸೆ ಕೂಗಿದರೂ ಅಷ್ಟೇ, ಪಿಸುಗುಟ್ಟಿದರೂ ಅಷ್ಟೇ. ಆಡುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಅವರು ತಾವಾಗಿಯೇ ಕಲಿತಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಸೊಸೆಯ ಮುಖವನ್ನೇ ನೋಡುತ್ತಿದ್ದರು. ಸೊಸೆಗೆ ಏನೋ ಆಗಿದೆ ಅಂತ ಗೊತ್ತು, ಏನೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಕಿವುಡರಿಗೆ ಯಾರು ಅಷ್ಟೆಲ್ಲ ವಿವರ ಹೇಳುತ್ತಾರೆ?

ರಜೆ ಅರ್ಧ ಕಳೆದ ಮೇಲೆ ಡಾಕ್ಟರು ಮತ್ತೆ ಬರಲು ಹೇಳಿದ್ದರು. ಅಮ್ಮನ ಕಿವಿಯನ್ನೂ ಒಮ್ಮೆ ತೋರಿಸಿಬಿಡೋಣ ಅಂತ ಗಂಡ ಇಬ್ಬರನ್ನೂ ಕರೆದುಕೊಂಡು ಹೋದ. ಡಾಕ್ಟರು ಟೀಚರಮ್ಮನ ಗಂಟಲು ನೋಡಿ ಹುಬ್ಬು ಗಂಟಿಕ್ಕಿದರು. ಊತ ಇಳಿದಿಲ್ಲ, ಇನ್ನೂ ಹೆಚ್ಚಾಗಿದೆ. ಮಾತಾಡಿದ್ದೀರಿ ಅಂದರು. ಟೀಚರಮ್ಮನಿಗೆ ಎದೆ ಒಡೆದಂತಾಯಿತು. ಇಷ್ಟು ಕಷ್ಟಪಟ್ಟವಳ ಮೇಲೆ ಇಂಥ ಅಪವಾದ. ಒಂದು ಮಾತೂ ಆಡಿಲ್ಲ, ಬೇಕಿದ್ದರೆ ಇವರನ್ನೇ ಕೇಳಿ ಅಂತ ಪಿಸುಗುಟ್ಟುತ್ತ ಗಂಡನ ಕಡೆ ಕೈ ತೋರಿಸಿದರು. ಹೌದು, ಮನೆಯಲ್ಲಿ ಸದ್ದೇ ಇಲ್ಲ ಅಂತ ಗಂಡನೂ ಸಾಕ್ಷಿ ಹೇಳಿದ.

ಪಕ್ಕದಲ್ಲಿದ್ದ ಅತ್ತೆ ಎಲ್ಲರ ತುಟಿಗಳನ್ನೂ ಒಂದೊಂದಾಗಿ ನೋಡುತ್ತಿದ್ದರು.

“ಮಾತಾಡಿಲ್ವಂತಾ?” ಅಂದರು, ಕಿವುಡರ ಜೋರು ದನಿಯಲ್ಲಿ. “ನನಗೆ ಕಿವಿ ಕೇಳಲ್ಲ, ಕಣ್ಣು ಕಾಣುತ್ತೆ. ಬೆಳಗ್ಗೆ ಎದ್ದಾಗಿನಿಂದ ಮಲಗೋವರೆಗೂ ಇವಳ ಬಾಯಿ ನಿಂತಿದ್ದನ್ನ ನಾನು ನೋಡೇ ಇಲ್ಲ. ಮುಂಚೆ ಹೇಗಿದ್ಲೋ ಈಗಲೂ ಹಾಗೇ.”

ಡಾಕ್ಟರು ಕೈಯಲ್ಲಿದ್ದ ಟಾರ್ಚನ್ನು ಕೆಳಗಿಟ್ಟರು. ಇಷ್ಟು ದಿನವೂ ಹೀಗೇ ಪಿಸುಗುಟ್ಟುತ್ತಿದ್ದಿರಾ ಅಂತ ಕೇಳಿದರು. ಟೀಚರಮ್ಮ ಹೌದೆಂದು ತಲೆಯಾಡಿಸಿದರು.

“ಊದಿಕೊಂಡ ಗಂಟಲಿಗೆ ಪಿಸುಗುಟ್ಟೋದೂ ಕೂಗಿದ ಹಾಗೇ ಅಮ್ಮ. ಬಾಯಿ ಮುಚ್ಚಿ ಅಂದ್ರೆ ಮುಚ್ಚಿ ಅಂತ.”

ವಾಪಸು ಬರುವಾಗ ಬಸ್ಸಿನಲ್ಲಿ ಟೀಚರಮ್ಮ ತುಟಿಗಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದರು. ಅರ್ಧ ರಜೆ ನೀರಲ್ಲಿ ಹೋಮವಾಗಿತ್ತು, ಉಳಿದದ್ದು ಸಾಲುತ್ತದೋ ಇಲ್ಲವೋ. ಗಂಡ ಅವತ್ತು ತಮಾಷೆ ಮಾಡಲಿಲ್ಲ. ಮನೆ ತಲುಪಿದವನೇ ತಂಗಿಗೆ ಫೋನ್ ಮಾಡಿದ. ಬಸ್ಸಿನಲ್ಲಿ ಕೂಗುವ ದನಿ ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಕೇಳಿಸಿತು.

“ನಿನ್ನ ಮಕ್ಕಳಿಗೂ ರಜಾ, ಅವರನ್ನ ಇಲ್ಲಿ ಬಿಟ್ಟು ನಿನಗೂ ರಜಾ. ಅವಳಿಗೂ ಒಂದು ರಜಾ ಇರ್ಲಿ. ನಾಳೆ ಬಂದು ಕರ್ಕೊಂಡು ಹೋಗು.”

ನಾದಿನಿ ಮುಖ ಊದಿಸಿಕೊಂಡೇ ಬಂದು ಮಕ್ಕಳನ್ನು ಕರೆದೊಯ್ದಳು. ಟೈಲರ್ ಅಕ್ಕ ಮಗನನ್ನು ಹೊಲಿಗೆ ಯಂತ್ರದ ಪಕ್ಕ ಕೂರಿಸಿಕೊಂಡಳು. ಮನೆ ಖಾಲಿಯಾಯಿತು.

ಖಾಲಿಯಾದ ಮೇಲೆ ಟೀಚರಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ಚಾರ್ಟು ಮುಗಿಸೋಣವೆಂದು ಬ್ರಷ್ ಹಿಡಿದರೆ, ಬರೆಯುವ ಅಕ್ಷರವನ್ನು ಬಾಯಿಯೂ ಆಡುತ್ತಿತ್ತು. ಕೈ ಕೆಲಸಕ್ಕೆ ಹೋದರೆ ಬಾಯಿ ಅದರ ಬೆನ್ನಿಗೇ ಹೋಗುತ್ತದೆ, ಇಷ್ಟು ವರ್ಷ ಎರಡನ್ನೂ ಒಟ್ಟಿಗೇ ದುಡಿಸಿದ್ದಲ್ಲವೇ. ಅತ್ತೆ ಎದುರಿನ ಕುರ್ಚಿಯಿಂದ ಬೆರಳೆತ್ತಿ ತಮ್ಮ ತುಟಿಯ ಮೇಲಿಟ್ಟು ತೋರಿಸಿದರು. ಟೀಚರಮ್ಮ ಮಕ್ಕಳಿಗೆ ತೋರಿಸುವ ಹಾಗೆಯೇ. ಆಕೆ ಬ್ರಷ್ ಇಟ್ಟು ಅತ್ತೆಯ ಪಕ್ಕ ಹೋಗಿ ಕೂತರು.

ಕೂತಾಗಲೇ ಗೊತ್ತಾದದ್ದು, ಎಂಥ ಆಯಾಸವೆಂದು. ಮೂಳೆಯೊಳಗೆಲ್ಲ ತುಂಬಿಕೊಂಡಿದ್ದ ಆಯಾಸ. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು, ನಾಚಿಕೆಯಾಗುತ್ತಿತ್ತು, ಆದರೂ ಮಲಗಿದರು. ಪಾತ್ರೆಗಳು ತೊಳೆಯದೆ ಬಿದ್ದಿದ್ದವು, ಗಂಡ ಬಂದು ತೊಳೆದ. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುವುದನ್ನು ಅತ್ತೆ ಸೊಸೆ ಇಬ್ಬರೂ ನೋಡುತ್ತ ಕೂರುತ್ತಿದ್ದರು. ಒಂದು ಮಧ್ಯಾಹ್ನ ಟೀಚರಮ್ಮನಿಗೆ ಕಾರಣವಿಲ್ಲದೆ ಅಳು ಬಂತು. ಅತ್ತೆ ಕೈ ಹಿಡಿದುಕೊಂಡರು. ಕಿವಿ ಮಂದವಾದಾಗಿನಿಂದ ಅವರು ದಿನವೂ ಹೀಗೇ ಒಬ್ಬರೇ ಕೂರುತ್ತಿದ್ದರು ಅನ್ನುವುದು ಆಗ ಸೊಸೆಗೆ ಹೊಳೆಯಿತು, ಬಹಳ ತಡವಾಗಿ.

ಶಾಲೆ ತೆರೆಯುವ ಹಿಂದಿನ ದಿನ ಡಾಕ್ಟರು ನೋಡಿ, ಪರವಾಗಿಲ್ಲ, ಅರ್ಧ ದಿನ ಮಾತ್ರ ಮಾತಾಡಿ, ಕೂಗಬೇಡಿ, ನಾಳೆ ತರಗತಿಯಲ್ಲೇ ಶುರು ಮಾಡಿ ಅಂದರು. ಹಾಗಾಗಿ ತಮ್ಮ ದನಿ ಹೇಗಿದೆಯೆಂದು ಟೀಚರಮ್ಮನಿಗೂ ಗೊತ್ತಿರಲಿಲ್ಲ.

ಮರುದಿನ ಹೆಡ್‌ಮಿಸ್ ಉಗ್ರಾಣದ ಕೀಲಿಗೊಂಚಲನ್ನು ಕೈಯಲ್ಲೇ ಹಿಡಿದು ಬಂದು ಕೊನೆಯ ಬೆಂಚಿನ ಹಿಂದೆ ಗೋಡೆಗೊರಗಿ ನಿಂತರು. ಒಂದನೇ ತರಗತಿಗೆ ಹೊಸ ಮಕ್ಕಳು ಬಂದು ಅಳುತ್ತಿದ್ದವು. ಹಳೆಯ ಮಕ್ಕಳು ಎರಡನೇ ತರಗತಿಯ ಸಾಲಿಗೆ ಜರುಗಿ, ಯಾರೂ ಕೇಳದಿದ್ದರೂ ವರದಿ ಒಪ್ಪಿಸತೊಡಗಿದವು. ಒಬ್ಬಳು ದಿನಕ್ಕೊಂದು ಪುಟ ಓದಿದ್ದಳು, ಒಬ್ಬ ಈಜು ಕಲಿತಿದ್ದ, ಇನ್ನೊಬ್ಬಳು ಅಜ್ಜಿಯ ಹತ್ತಿರ ಗುಂಡಿ ಹೊಲಿಯಲು ಕಲಿತಿದ್ದಳು. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಟೀಚರ್, ರಜದಲ್ಲಿ ನೀವೇನ್ ಮಾಡಿದ್ರಿ?”

ಟೀಚರಮ್ಮ ಮೇಜಿನ ಅಂಚನ್ನು ಹಿಡಿದುಕೊಂಡರು. ಎಷ್ಟೋ ದಿನಗಳಿಂದ ಮುಚ್ಚಿದ್ದ ಬಾಯಿ ತೆರೆಯಿತು. ಸುಳ್ಳು ಹೇಳುವಷ್ಟು ಶಕ್ತಿ ಇರಲಿಲ್ಲ.

“ಏನೂ ಮಾಡ್ಲಿಲ್ಲ ಮಕ್ಳೇ. ಸುಮ್ನೆ ಕೂತಿದ್ದೆ.”

ದನಿ ಒರಟಾಗಿತ್ತು, ಹಳೆಯದರ ಅರ್ಧವೂ ಇರಲಿಲ್ಲ. ಮಕ್ಕಳು ಬಾಯಿ ತೆರೆದುಕೊಂಡು ನೋಡಿದವು. ಕೊನೆಯ ಬೆಂಚಿನ ಹುಡುಗ ನಂಬಿಕೆಯಾಗದೆ ಎದ್ದು ನಿಂತ.

“ಏನೂ ಮಾಡ್ಲೇ ಇಲ್ವಾ ಟೀಚರ್?”

ಅವನ ಹಿಂದೆ ನಿಂತಿದ್ದ ಹೆಡ್‌ಮಿಸ್ ಕೀಲಿಗೊಂಚಲನ್ನು ತಮ್ಮ ಚೀಲದೊಳಗೆ ಹಾಕಿಕೊಂಡು ಹೊರಗೆ ಹೋದರು. ಏನೂ ಇಲ್ಲ ಕಣೋ, ಕೂತ್ಕೋ ಅಂದರು ಟೀಚರಮ್ಮ.