ಖಾಲಿ ಕುರ್ಚಿಗಳ ಮುಂದೆ ನಮ್ಮ ಚರಿತ್ರೆ

ಕುರ್ಚಿಗಳನ್ನು ನಾನೇ ಜೋಡಿಸಿದ್ದೆ. ಅದೇ ತಪ್ಪಾಯಿತು. ಬೇರೆ ಯಾರಾದರೂ ಜೋಡಿಸಿದ್ದರೆ, ‘ಯಾಕಪ್ಪಾ ಇಷ್ಟೊಂದು ಹಾಕಿದ್ದಾರೆ?’ ಎಂದು ನಕ್ಕು ಸುಮ್ಮನಾಗಬಹುದಿತ್ತು.

ಅಮೆರಿಕದ ಈ ಲಿವೋನಿಯಾ ಊರಿನ ನಮ್ಮ ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಊರಿನ ಇತಿಹಾಸದ ಮಾತುಕತೆ ನಡೆಯುತ್ತದೆ. ಊರಿನವರೇ ಹೇಳುತ್ತಾರೆ, ಊರಿನವರೇ ಕೇಳುತ್ತಾರೆ. ಕಳೆದ ಚಳಿಗಾಲದಿಂದ ನಾನೂ ಹೋಗುತ್ತಿದ್ದೇನೆ. ಇತಿಹಾಸದ ಮೇಲಿನ ಪ್ರೀತಿಯಿಂದ ಎಂದುಕೊಂಡಿರಾ? ಅಲ್ಲ. ಗಂಡನಿಗೆ ಷಿಕಾಗೋದಲ್ಲಿ ಕೆಲಸ. ವಾರವೆಲ್ಲ ಅಲ್ಲೇ ಹತ್ತಿರದ ಅರೋರಾದಲ್ಲಿ ವಾಸ, ಶುಕ್ರವಾರ ಡ್ರೈವ್ ಮಾಡಿಕೊಂಡು ಬರುತ್ತಾರೆ (ಹಿಮ ಬಿದ್ದರೆ ಅದೂ ಇಲ್ಲ). ಮಗಳು ಕಾಲೇಜು ಸೇರಿ ಊರು ಬಿಟ್ಟಳು. ನನ್ನ ಆಫೀಸು ಮನೆಯಲ್ಲೇ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮನೆಯಲ್ಲಿ ಸದ್ದು ಮಾಡುವುದು ಮೈಕ್ರೋವೇವ್ ಒಂದೇ. ಲೈಬ್ರರಿಯಲ್ಲಾದರೆ ಬಿಸಿ ಕಾಫಿ ಕೊಡುತ್ತಾರೆ, ‘ಹೇಗಿದ್ದೀರಿ?’ ಎನ್ನುತ್ತಾರೆ. ಸಾಲದೇ?

ಕೂತು ಕೂತು ಊರು ಪರಿಚಯವಾಯಿತು. ನಮ್ಮ ಬಡಾವಣೆ, ಇಲ್ಲಿನವರ ಬಾಯಲ್ಲಿ ಸಬ್‌ಡಿವಿಷನ್, ಇರುವ ಜಾಗದಲ್ಲಿ ಹಿಂದೆ ಹಸುಗಳು ಮೇಯುತ್ತಿದ್ದವಂತೆ. ನಾನು ಟೊಮೆಟೊ ಹಾಕುವಲ್ಲೇ ಯಾರದೋ ಕೊಟ್ಟಿಗೆ ಇದ್ದಿರಬಹುದು!

ಇದನ್ನೆಲ್ಲ ನಡೆಸುವವರು ಮಾರ್ಗರೆಟ್, ನಿವೃತ್ತ ಟೀಚರ್. ಒಂದು ದಿನ ನನ್ನನ್ನು ಕೇಳಿದರು: “ನಿಮ್ಮ ಜನ ಇಲ್ಲಿಗೆ ಬಂದೂ ಬಹಳ ವರ್ಷವಾಯಿತಲ್ಲ, ಆ ಕತೆಯನ್ನು ಯಾರು ಹೇಳುತ್ತಾರೆ?”

ಯಾರು ಹೇಳುತ್ತಾರೆ? ನಾನೇ ಒಪ್ಪಿಕೊಂಡೆ.

ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಸುದ್ದಿ ಹಾಕಿದೆ. ಹೆಬ್ಬೆರಳುಗಳ ಮಳೆ. “ವಾವ್ ಆಂಟಿ!” “ಖಂಡಿತ ಬರ್ತೀವಿ ಆಂಟಿ!” ನಂಬಿದೆ. ಕುರ್ಚಿ ಹಾಕಿದೆ.

ಬಂದವರು ಲೈಬ್ರರಿಯ ಖಾಯಂ ಅಜ್ಜ ಅಜ್ಜಿಯರು. ನಮ್ಮವರು? ಒಬ್ಬರೇ. ಪಕ್ಕದ ಊರು ಸೌತ್‌ಫೀಲ್ಡ್‌ನ ಹಿರೇಮಠ ಅಂಕಲ್. ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರ್. ಆಂಟಿ ತೀರಿಕೊಂಡ ಮೇಲೆ ಯಾವ ಕಾರ್ಯಕ್ರಮದಲ್ಲೂ ಅವರನ್ನು ಕಂಡಿರಲಿಲ್ಲ. ಕೊನೆಯ ಸಾಲಿನಲ್ಲಿ, ಸುತ್ತ ಖಾಲಿ ಕುರ್ಚಿಗಳ ನಡುವೆ ಕೂತರು.

ನಾನು ಶುರು ಮಾಡಿದೆ. ಮೊದಲು ಬಂದ ಕುಟುಂಬಗಳು. ಮೊದಲ ಹಿಮ. ಸೌತ್‌ಫೀಲ್ಡ್‌ನ ಒಂದು ಸಣ್ಣ ಅಪಾರ್ಟ್‌ಮೆಂಟು. ಊರಿಂದ ಹೊಸದಾಗಿ ಯಾರೇ ಬಂದಿಳಿಯಲಿ, ಮೊದಲ ಊಟ ಅಲ್ಲೇ. ಮದುವೆಯಾಗಿ ಬಂದ ವಾರ ನಾನೂ ಅಲ್ಲೇ ರೊಟ್ಟಿ ಉಂಡೆ. “ಹಿರೇಮಠ ಆಂಟಿ ಪಕ್ಕದಲ್ಲಿ ಕೂತು ಬಡಿಸಿದರು. ನನಗೆ ಅಳು ಬಂತು, ಅವರು ಇನ್ನೊಂದು ರೊಟ್ಟಿ ಹಾಕಿದರು” ಎಂದೆ. ಜನ ನಕ್ಕರು.

ಮಾರ್ಗರೆಟ್ ಕೈ ಎತ್ತಿದರು. “ಆಕೆಯ ಹೆಸರೇನು? ಗಂಡನ ಮನೆತನದ್ದಲ್ಲ, ಆಕೆಯದು.”

ಬಾಯಿ ತೆರೆದೆ. ಹೆಸರು ಬರಲಿಲ್ಲ. ಬರುವುದಾದರೂ ಎಲ್ಲಿಂದ? ನಮಗೆಲ್ಲ ಅವರು ಆಂಟಿ, ಅಷ್ಟೇ. ಕೊನೆಯ ಸಾಲಿನ ಕಡೆ ನೋಡಿದೆ.

ಅಂಕಲ್ ನಿಧಾನವಾಗಿ ಎದ್ದರು. ಇಂಗ್ಲಿಷಿನಲ್ಲಿ ಏನೋ ಶುರು ಮಾಡಿ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನ ಹೇಳವಾ ಅವರಿಗೆ. ನನ್ನ ಕಡೆ ಇಂಗ್ಲಿಷ್‌ನ್ಯಾಗ ಆಗವಲ್ದು. ಆಕಿ ಹೆಸರು ಗಿರಿಜಾ. ನಾನೂ ಹಂಗ ಕರೀಲಿಲ್ಲ ನೋಡು. ‘ಏ, ಇಲ್ಲಿ ಕೇಳ’ ಅಂತಿದ್ದೆ. ಈಗ ಮನ್ಯಾಗ ಒಬ್ಬನ ಇರ್ತೀನಲ್ಲ, ಈಗ ಕರೀತೀನಿ. ದಿನಾ ಕರೀತೀನಿ.”

ಹೆಸರನ್ನು ಹೇಳಿದೆ. ಉಳಿದದ್ದನ್ನು ಇಂಗ್ಲಿಷಿಗೆ ತರಲು ನನ್ನಿಂದಲೂ ಆಗಲಿಲ್ಲ. ಆದರೆ ಅವರ ಮುಖ ನೋಡಿದ ಯಾರಿಗೂ ಅನುವಾದ ಬೇಕಾಗಿರಲಿಲ್ಲ.

ಮಾರ್ಗರೆಟ್ ಸ್ಪೆಲಿಂಗ್ ಕೇಳಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಹೇಳಿ ನೋಡಿದರು. ಗಿರ್ಜಾ. ಗೀರೀಜಾ. “ನೋ, ನೋ, ಗಿರಿಜಾ” ಎಂದು ಅಂಕಲ್ ತಿದ್ದಿದರು. ಅವರು ಮತ್ತೆ ಹೇಳಿದರು. ಇವರು ಮತ್ತೆ ತಿದ್ದಿದರು.

ಪಾರ್ಕಿಂಗ್ ಲಾಟಿನಲ್ಲಿ ಕರೆದೆ. “ಮನೆ ಇಲ್ಲೇ ಎರಡು ಮೈಲಿ ಅಂಕಲ್. ಊಟ ಮಾಡ್ಕೊಂಡು ಹೋಗಿ.”

“ಬ್ಯಾಡವಾ. ಕತ್ತಲಾದ್ರ ಫ್ರೀವೇ ಕಾಣಂಗಿಲ್ಲ ನನಗ.” ಕಾರಿನ ಗಾಜು ಏರಿಸುವ ಮುನ್ನ ಹೇಳಿದರು: “ಎಷ್ಟ ಮಂದಿ ಆಕಿ ಹೆಸರು ಅಂದ್ರಲ್ಲವಾ ಇವತ್ತ!”

ಅವರ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ಅವರ ಮನೆಯಲ್ಲೂ ಯಾರೂ ಕಾಯುತ್ತಿಲ್ಲ, ನನ್ನ ಮನೆಯಲ್ಲೂ. ಆದರೂ ಅವರು ಅವಸರದಿಂದ ಹೊರಟರು, ಹಿಂದೆಯೇ ನಾನೂ. ಯಾಕೋ?

ಮನೆಗೆ ಬಂದು ದೀಪ ಹಾಕಿದೆ. ಫೋನಿನಲ್ಲಿ ಮೆಸೇಜುಗಳು. ನಮ್ಮ ಸಬ್‌ಡಿವಿಷನ್ನಿನದೇ ಹುಡುಗಿ, ಹಬ್ಬ ಹುಣ್ಣಿಮೆಗೆಲ್ಲ ನಮ್ಮ ಮನೆಗೆ ಬರುವವಳು, ಬರೆದಿದ್ದಳು: “ಸಾರಿ ಆಂಟಿ, ಮಗನ ಸಾಕರ್ ಮ್ಯಾಚ್ ಇತ್ತು. ರೆಕಾರ್ಡಿಂಗ್ ಇದೆಯಾ?”

ಉತ್ತರಿಸಿದೆ: “ಇಲ್ಲಮ್ಮ. ಒಂದು ಸಲ ಮನೆಗೇ ಬಾ, ಕೂತು ಮಾತಾಡೋಣ. — ವಸುಧಾ.”

ತಕ್ಷಣ ಮೆಸೇಜು ಬಂತು.

“ವಸುಧಾ ಯಾರು, ಆಂಟಿ?”