ನೆರೆಮನೆಯ ಪುದೀನ

ಕಲ್ಯಾಣಕುಮಾರ ಅರ್ಧ ಆಯುಷ್ಯವನ್ನು ಪ್ರವಾಸಿ ಹಡಗಿನ ಬಾರಿನಲ್ಲಿ ಕಳೆದವನು. ಕೌಂಟರಿನ ಆಚೆ ಕೂತವರು ತಮ್ಮ ಮದುವೆ, ಮುರಿದ ಮದುವೆ ಎಲ್ಲವನ್ನೂ ಅವನ ಮುಂದೆ ಹೇಳಿಕೊಳ್ಳುತ್ತಿದ್ದರು. ಬೆಳಗಾದರೆ ಗುರುತೂ ಹಿಡಿಯುತ್ತಿರಲಿಲ್ಲ. ಮೊಣಕಾಲು ನೋವು ಹೆಚ್ಚಾಗಿ ನೌಕರಿ ಬಿಟ್ಟ ಮೇಲೆ ಜೇವರ್ಗಿಗೆ ಮರಳಿ, ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆ ಹಿಡಿದ. ಮದುವೆಯಾಗಿರಲಿಲ್ಲ. ಹಳೆಯ ಗೆಳೆಯರು ಮೊದಮೊದಲು ಹಡಗಿನ ಕತೆ ಕೇಳಲು ಬಂದರು. ಕತೆ ಮುಗಿದ ಮೇಲೆ ಬರುವುದು ಬಿಟ್ಟರು.

ರವಿವಾರ ಸಂಜೆ ತನಗಾಗಿ ಒಂದು ಗ್ಲಾಸು ಜೂಲೆಪ್ ಮಾಡಿಕೊಳ್ಳುತ್ತಿದ್ದ. ಅಮೆರಿಕದವರು ಬೇಸಿಗೆಗೆಂದು ಬರ್ಬನ್ ವಿಸ್ಕಿಗೆ ಪುದೀನ ಹಾಕಿ ಮಾಡುವ ಪಾನೀಯ ಅದು. ಬಾಟಲಿಯನ್ನು ಕಲಬುರಗಿಯಿಂದ, ಬರ್ಫವನ್ನು ಜ್ಯೂಸ್ ಅಂಗಡಿಯಿಂದ ತರುತ್ತಿದ್ದ. ಪುದೀನ ಪಕ್ಕದ ಮನೆಯ ಕಾಶಿಬಾಯಿಯದು. ಗಂಡ ತೀರಿದ ಮೇಲೆ ಒಬ್ಬಳೇ ಇದ್ದ ಆಕೆ ಅದನ್ನು ನಳದ ಬುಡದಲ್ಲಿ ಬೆಳೆಸಿದ್ದಳು. ಅವನು ಹೋಗಿ ಕೇಳಿದಾಗೆಲ್ಲ ಒಂದು ಹಿಡಿ ಕಿತ್ತು ಕೊಡುತ್ತಿದ್ದಳು.

ಒಂದು ರವಿವಾರ ಬಟ್ಟಲು ಹಿಡಿದು ಆಕೆಯೇ ಬಾಗಿಲಿಗೆ ಬಂದಳು.

"ಅಣ್ಣಾರ, ವಾರಾ ವಾರಾ ಪುದೀನ ಒಯ್ತೀರಿ. ನಿಮ್ಮ ಚಟ್ನಿ ನನಗೂ ಒಂದೀಟು ಕೊಡ್ರಿ."

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆ ಖಾಲಿ ಬಟ್ಟಲು ನೋಡಿ ಹೇಳಲಾಗಲಿಲ್ಲ.

"ಚಟ್ನಿ ಅಲ್ರಿ. ನಾ ಅದನ್ನ ದಾರೂದಾಗ ಹಾಕ್ಕೋತೇನಿ."

ಈಗ ತಿರುಗಿ ಹೋಗುತ್ತಾಳೆ ಅಂದುಕೊಂಡ. ಆಕೆ ಹೋಗಲಿಲ್ಲ, ಹೇಗೆ ಮಾಡುತ್ತೀರಿ ತೋರಿಸಿ ಎಂದು ಕಟ್ಟೆಯ ಮೇಲೆ ಕೂತಳು. ಅವನು ಎಲೆಗಳನ್ನು ಸಕ್ಕರೆ ಪಾಕದಲ್ಲಿ ಹಾಕಿ ಚಮಚದಿಂದ ಮೆಲ್ಲಗೆ ಒತ್ತಿದ. ಬರ್ಫವನ್ನು ಟವೆಲ್ಲಿನಲ್ಲಿ ಸುತ್ತಿ ಕುಟ್ಟಿ, ಗ್ಲಾಸಿನ ತುಂಬ ಸುರಿದ. ಆಕೆಯ ಗ್ಲಾಸಿಗೆ ವಿಸ್ಕಿಯ ಬದಲು ನಿಂಬೆರಸ, ನೀರು ಹಾಕಿ ಕೊಟ್ಟ.

ಕಾಶಿಬಾಯಿ ಗುಟುಕು ಗುಟುಕಾಗಿ ಕುಡಿದಳು. "ನಮ್ಮ ಮನೆಯವರೂ ಕುಡೀತಿದ್ರು. ಆದ್ರ ಹಿಂಗ ಸಾವಕಾಶ ಕುಂತು ಕುಡದದ್ದು ನಾ ನೋಡಿಲ್ಲ," ಎಂದಳು. ಆಮೇಲೆ ಕೇಳಿದಳು: "ಒಬ್ಬರೇ ಕುಡೀತೀರೇನ್ರಿ?"

"ಹೌದ್ರಿ."

ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಬಹಳ ದಿನಗಳ ಮೇಲೆ ತನ್ನ ಬಗ್ಗೆ ಒಬ್ಬರು ಕೇಳಿದ್ದರು. ಇನ್ನಷ್ಟು ಹೇಳಬೇಕೆನಿಸಿದರೂ ಎಲ್ಲಿಂದ ಶುರು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಇಷ್ಟರಲ್ಲಿ ಎದುರುಮನೆಯವರು ಇತ್ತ ನೋಡಿದರು. ಆಕೆ ಸೆರಗು ಸರಿಪಡಿಸಿಕೊಂಡು ಎದ್ದು ಹೋದಳು.

ಮರುದಿನ ಅವನು ಸಂತೆಗೆ ಹೋಗಿ ಬರುವಷ್ಟರಲ್ಲಿ ಕಾಶಿಬಾಯಿ ಬೇರುಸಹಿತ ಪುದೀನ ತಂದು ಅವನ ನಳದ ಹತ್ತಿರ ನೆಟ್ಟಿದ್ದಳು. ಮತ್ತೆ ಮತ್ತೆ ಕೇಳುವ ತೊಂದರೆ ಅವನಿಗೆ ಬೇಡವೆಂದು ಹಾಗೆ ಮಾಡಿರಬೇಕು. ಅದು ಬೇಗ ಹಬ್ಬಿತು. ಪಕ್ಕದ ಮನೆಯ ಬಾಗಿಲು ತಟ್ಟಲು ಅವನಿಗೆ ಬೇರೆ ಕಾರಣ ಹೊಳೆಯಲಿಲ್ಲ.